ಹವ್ಯಾಸಿ ಈಜು ಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕದ ಮರುಪಾವತಿ

ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟು ಹಣ ಕಟ್ಟಿದವನು ಯಾವ ಸಂದರ್ಭದಲ್ಲಿ ಅದನ್ನು ಹಿಂದಕ್ಕೆ ಕೇಳಬಹುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಮೊಬಲಗು ಅಲ್ಪವಾದುದು, ಕೇಳುವವರೂ ಕೊಡುವವರೂ ಬಹುಮಟ್ಟಿಗೆ ಒಂದೇ ಕೊಳದಲ್ಲಿ ಈಜುವ ಮಕ್ಕಳ ತಂದೆತಾಯಿಗಳು. ಆದರೂ ಕರಾರುಗಳ ಶಾಸ್ತ್ರದಲ್ಲಿ ಬಹುಕಾಲ ಚರ್ಚೆಗೆ ಗುರಿಯಾದ ತೊಡಕೊಂದು ಈ ಸಣ್ಣ ವ್ಯವಹಾರದಲ್ಲಿ ಅಡಗಿದೆ. ಇಂಗ್ಲೆಂಡಿನ ಈಜು ಸಂಘಗಳ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ವಿವೇಚಿಸಬಹುದು.

ಆ ದೇಶದಲ್ಲಿ ಈ ಕ್ರೀಡೆಯ ಆಡಳಿತ ಸಂಸ್ಥೆ 1869ರಲ್ಲಿ ಹುಟ್ಟಿತು. ಬಹುಕಾಲ ಅಮೆಚೂರ್ ಸ್ವಿಮಿಂಗ್ ಅಸೋಸಿಯೇಷನ್ ಎಂಬ ಹೆಸರಿನಿಂದ ನಡೆದು 2017ರಿಂದ ಸ್ವಿಮ್ ಇಂಗ್ಲೆಂಡ್ ಎನಿಸಿಕೊಂಡಿದೆ. ಹೆಸರಿನಿಂದ ಹವ್ಯಾಸಿ ಎಂಬ ಪದ ಹೋದರೂ ಕೆಲಸದಲ್ಲಿ ಹವ್ಯಾಸವೇ ಉಳಿದಿದೆ. ನಾಲ್ಕು ದರ್ಜೆಗಳ ಪರವಾನಗಿಯ ಮೇಲೆ ಸಂಘಗಳು ನಡೆಸುವ ಸ್ಪರ್ಧೆಗಳಲ್ಲಿ ರೆಫರಿ, ಸ್ಟಾರ್ಟರ್, ತಿರುವಿನ ತೀರ್ಪುಗಾರ, ಗಡಿಯಾರ ಹಿಡಿಯುವವರು, ಬಾಗಿಲಲ್ಲಿ ಚೀಟಿ ಕೊಡುವವರು ಇವರೆಲ್ಲರೂ ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯತಕ್ಕವರು. ಕೊಳ ಮಾತ್ರ ಬಾಡಿಗೆಯದು. ಈಜುಗಾರನು ತಾನು ಭಾಗವಹಿಸುವ ಒಂದೊಂದು ಸ್ಪರ್ಧೆಗೂ ಬೇರೆಬೇರೆ ಶುಲ್ಕ ತೆರುತ್ತಾನೆ. ಖರ್ಚು ಕಳೆದು ಉಳಿದದ್ದು ಸಂಘದ ಮುಂದಿನ ವರ್ಷದ ಅಭ್ಯಾಸಕ್ಕೆ ಸಲ್ಲುತ್ತದೆ. ಆದುದರಿಂದ ಮರುಪಾವತಿಯ ಭಾರ ಯಾವ ಧನಿಕನ ಮೇಲೂ ಬೀಳುವುದಿಲ್ಲ. ಅದು ಇತರ ಮಕ್ಕಳ ಅಭ್ಯಾಸದ ವೇಳೆಯ ಮೇಲೆ ಬೀಳುತ್ತದೆ.

ಹಣ ಹಿಂದಿರುಗಿಸುವ ಪ್ರಶ್ನೆಯೆಂದು ಒಂದೇ ಹೆಸರಿನಲ್ಲಿ ಕರೆಯುವುದು ವಾಸ್ತವವಾಗಿ ಮೂರು ಪ್ರಶ್ನೆಗಳು. ಸಂಘವೇ ಹೆಸರನ್ನು ತಳ್ಳಿಹಾಕಿದರೆ ಏನು? ಈಜುಗಾರ ತಾನಾಗಿ ಹಿಂಜರಿದರೆ ಏನು? ಸ್ಪರ್ಧೆಯೇ ನಡೆಯದಿದ್ದರೆ ಏನು? ಮೊದಲನೆಯದು ಸುಲಭವಾದುದು. ವೇಳೆ ಸಾಲದೆ ನಿಧಾನ ಕಾಲದ ಹೆಸರುಗಳನ್ನು ಬಿಟ್ಟಾಗ ಅವರ ಶುಲ್ಕವನ್ನು ಹಿಂದಿರುಗಿಸುವುದು ರೂಢಿ. ಅದಕ್ಕೆ ವಾದ ಬೇಕಿಲ್ಲ.

ಎರಡನೆಯದರಲ್ಲಿ ಸ್ವಾರಸ್ಯವಿದೆ. ಮುಕ್ತಾಯದ ದಿನ ಕಳೆದ ಮೇಲೆ ವೈದ್ಯರ ಪತ್ರವಿಲ್ಲದೆ ಹಣ ಹಿಂದಿರುಗದು ಎಂಬ ನಿಬಂಧನೆಯನ್ನು ಅನೇಕ ಸಂಘಗಳ ಪ್ರಕಟಣೆಗಳಲ್ಲಿ ಕಾಣುತ್ತೇವೆ. ಇದು ಬಿಗಿಯಾಗಿ ಕಂಡರೂ ಕಾರಣವಿಲ್ಲದ್ದಲ್ಲ. ಎಂಟು ಪಥಗಳ ಕೊಳದಲ್ಲಿ ಸ್ಪರ್ಧಿಗಳನ್ನು ಎಂಟೆಂಟು ಮಂದಿಯ ಹೀಟುಗಳಾಗಿ ವಿಂಗಡಿಸುತ್ತಾರೆ. ಒಬ್ಬನು ಬಾರದಿದ್ದರೆ ಹೀಟು ನಿಲ್ಲುವುದಿಲ್ಲ, ಅದರ ಕಾಲವೂ ತಗ್ಗುವುದಿಲ್ಲ, ಬಾಡಿಗೆಯೂ ಇಳಿಯುವುದಿಲ್ಲ. ಒಂದು ಪಥ ಬರಿದಾಗಿ ಉಳಿಯುತ್ತದೆ ಅಷ್ಟೆ. ಆ ಬರಿಯ ಪಥಕ್ಕಾಗಿ ಹಿಂದಿನ ವಾರ ತಿರಸ್ಕೃತನಾದ ಬೇರೊಬ್ಬ ಬಾಲಕ ಮನೆಯಲ್ಲಿ ಕುಳಿತಿರುತ್ತಾನೆ. ನಷ್ಟದ ನಿಜವಾದ ಅಳತೆ ಇದೇ. ಹೀಗಿರುವುದರಿಂದ ಮುಕ್ತಾಯದ ದಿನಕ್ಕೆ ಮುಂಚೆ ಬಿಟ್ಟವನಿಗೆ ಪೂರ್ಣ ಹಣ ಕೊಡುವುದೂ, ಅನಂತರ ಬಿಟ್ಟವನ ಸ್ಥಾನವನ್ನು ಕಾದಿರಿಸಿದ ಪಟ್ಟಿಯಿಂದ ತುಂಬಲಾದರೆ ಕೊಡುವುದೂ, ತುಂಬಲಾಗದಿದ್ದರೆ ಕೊಡದಿರುವುದೂ ನ್ಯಾಯವೆಂದು ನಮ್ಮ ಅಭಿಪ್ರಾಯ. ಕಾರಣವನ್ನು ವಿಚಾರಿಸುವುದಕ್ಕಿಂತ ಪಥ ತುಂಬಿತೇ ಎಂದು ವಿಚಾರಿಸುವುದು ಮೇಲು.

ವೈದ್ಯರ ಪತ್ರದ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಇರಲಾಗದು. ಇಂತಹ ಖಾಸಗಿ ಪತ್ರ ಬರೆದುಕೊಡುವುದು ಇಂಗ್ಲೆಂಡಿನ ಸರ್ಕಾರಿ ವೈದ್ಯಸೇವೆಗೆ ಸೇರಿದುದಲ್ಲ. ವೈದ್ಯರು ಅದಕ್ಕೆ ಬೇರೆ ಹಣ ತೆಗೆದುಕೊಳ್ಳಬಹುದು, ಆ ಹಣ ಒಂದು ಸ್ಪರ್ಧೆಯ ಶುಲ್ಕವನ್ನು ಮೀರುವುದೂ ಉಂಟು. ಪಡೆಯುವುದಕ್ಕಿಂತ ಹೆಚ್ಚು ಕೊಟ್ಟು ಪಡೆಯುವ ವಿಚಿತ್ರ ಹಕ್ಕು ಇದು! ಜ್ವರ ಬಂದ ಮಗುವನ್ನು, ಕಟ್ಟಿದ ಹಣ ಹೋದೀತೆಂದು, ಕೊಳಕ್ಕೆ ಕರೆತರುವಂತೆ ಮಾಡುವ ನಿಬಂಧನೆ ಉಳಿದ ಮಕ್ಕಳಿಗೂ ಹಿತವಲ್ಲ.

ಮೂರನೆಯ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯಸ್ಥಾನಗಳು ಕೊಟ್ಟ ಉತ್ತರ ಅರ್ಧ ಶತಮಾನದಲ್ಲಿ ಪೂರ್ತಿಯಾಗಿ ಬದಲಾಯಿತು. 1902ರ ಜೂನ್ ತಿಂಗಳಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ಮೆರವಣಿಗೆ ಅವನ ಕಾಯಿಲೆಯಿಂದ ನಿಂತುಹೋಯಿತು. ಮೆರವಣಿಗೆ ನೋಡಲು ಕೊಠಡಿ ಹಿಡಿದಿದ್ದವರ ಮೊಕದ್ದಮೆಗಳು ಹಲವು ನಡೆದುವು. ಅವುಗಳಲ್ಲಿ 1904ರಲ್ಲಿ ತೀರ್ಮಾನವಾದ ಚಾಂಡ್ಲರ್–ವೆಬ್‌ಸ್ಟರ್ ಮೊಕದ್ದಮೆಯ ಫಲ ಬಹು ಕಠಿಣವಾದುದು. 100 ಪೌಂಡು ಕೊಟ್ಟಿದ್ದವನಿಗೆ ಅದು ಹಿಂದಿರುಗಲಿಲ್ಲ. ಬಾಕಿ 41 ಪೌಂಡು 15 ಷಿಲಿಂಗನ್ನೂ ಅವನು ತೆರಬೇಕಾಯಿತು. ಕರಾರು ನಿಷ್ಫಲವಾದ ಕ್ಷಣದಲ್ಲಿ ಹಣ ಯಾರಲ್ಲಿದೆಯೋ, ಯಾರಿಗೆ ಸಲ್ಲಬೇಕಾಗಿದೆಯೋ ಅವರದೇ ಎಂಬುದು ತರ್ಕ. ಫೈಬ್ರೋಸಾ ಮೊಕದ್ದಮೆಯಲ್ಲಿ ಲಾರ್ಡ್ಸ್ ಸಭೆ 1942ರಲ್ಲಿ ಇದನ್ನು ತಳ್ಳಿಹಾಕಿ, ಪ್ರತಿಫಲ ಏನೂ ದೊರೆಯದಿದ್ದರೆ ಮುಂಗಡ ಹಿಂದಿರುಗತಕ್ಕದ್ದೆಂದಿತು. ಆಗ ಅನ್ಯಾಯ ಇನ್ನೊಂದು ಬದಿಗೆ ವಾಲಿತು: ಮುಂಗಡವನ್ನು ನಂಬಿ ಖರ್ಚು ಮಾಡಿದವನ ಗತಿಯೇನು? 1943ರ ಶಾಸನ, ನ್ಯಾಯವೆಂದು ತೋರಿದಲ್ಲಿ ಅಂತಹ ಖರ್ಚನ್ನು ಮುರಿದುಕೊಳ್ಳಲು ನ್ಯಾಯಸ್ಥಾನಕ್ಕೆ ಅಧಿಕಾರ ಕೊಟ್ಟಿತು. ಆದರೆ ಇದು ವಿವೇಚನೆಯ ಅಧಿಕಾರವೇ ಹೊರತು ಹಕ್ಕಲ್ಲ. ಮ್ಯಾಡ್ರಿಡ್ಡಿನ ಕ್ರೀಡಾಂಗಣವೊಂದು ಅಪಾಯಕರವೆಂದು 1992ರಲ್ಲಿ ಮುಚ್ಚಲ್ಪಟ್ಟು ಸಂಗೀತ ಕಾರ್ಯಕ್ರಮವೊಂದು ನಿಂತಾಗ, 1995ರ ತೀರ್ಪಿನಲ್ಲಿ ಖರ್ಚಿನ ಬಾಬು ಏನನ್ನೂ ಮುರಿಯಗೊಡಲಿಲ್ಲ. ಕರಾರಿನಲ್ಲೇ ಇದಕ್ಕೆ ಏರ್ಪಾಡಿದ್ದರೆ ಅದೇ ನಡೆಯತಕ್ಕದ್ದೆಂದೂ 1943ರ ಶಾಸನ ಹೇಳುತ್ತದೆ. ಸಂಘಗಳಿಗೆ ಮುಖ್ಯವಾದುದು ಈ ಮಾತು.

ಕಲ್ಪಿತ ಲೆಕ್ಕವೊಂದನ್ನು ನೋಡೋಣ. ಶುಲ್ಕದಿಂದ ಬಂದದ್ದು 4000 ಪೌಂಡು. ಕೊಳದ ಬಾಡಿಗೆ 2000. ಪದಕ, ಮುದ್ರಣ, ಗಡಿಯಾರ ಯಂತ್ರ ಇವಕ್ಕೆ 800. ಹಿಂದಿನ ದಿನ ಕೊಳದ ಬಾಯ್ಲರ್ ಕೆಟ್ಟಿತೆನ್ನಿ. ಕೊಳದ ಒಡೆಯರು ಬಾಡಿಗೆ ಹಿಂದಿರುಗಿಸಿದರೆ ಸಂಘದ ಕೈಯಲ್ಲಿ 3200 ಉಳಿಯುತ್ತದೆ, ನೂರಕ್ಕೆ 80ರಂತೆ ಎಲ್ಲರಿಗೂ ಹಂಚಬಹುದು. ಹಿಂದಿರುಗಿಸದಿದ್ದರೆ ಉಳಿಯುವುದು 1200. ನೂರಕ್ಕೆ 30 ಮಾತ್ರ. ಈಜುಗಾರನ ಪಾಲಿಗೆ ಘಟನೆ ಒಂದೇ, ಮೊಬಲಗು ಮಾತ್ರ ಬೇರೆ! ಇದರಿಂದ ತಿಳಿಯುವುದೇನೆಂದರೆ, ಶುಲ್ಕದ ನಿಬಂಧನೆ ಬರೆಯುವ ಮುನ್ನ ಸಂಘವು ಕೊಳದೊಡನೆ ಮಾಡಿಕೊಂಡ ಕರಾರನ್ನು ಓದಬೇಕು. ಬಹಳ ಮಂದಿ ಓದುವುದಿಲ್ಲ ಎಂದು ಊಹಿಸಲು ಅವಕಾಶವಿದೆ.

ಗ್ರಾಹಕರ ರಕ್ಷಣೆಯ ಶಾಸನಗಳೂ ಇಲ್ಲಿ ಎದುರಾಗುತ್ತವೆ. ದೂರದಿಂದ ಮಾಡಿದ ಖರೀದಿಯನ್ನು ಹದಿನಾಲ್ಕು ದಿನಗಳಲ್ಲಿ ಬಿಡಬಹುದೆಂಬ 2013ರ ನಿಯಮ, ಗೊತ್ತಾದ ದಿನದಂದು ನಡೆಯುವ ವಿನೋದ ಕಾರ್ಯಗಳಿಗೆ ಅನ್ವಯಿಸುವುದಿಲ್ಲ. 2015ರ ಗ್ರಾಹಕ ಹಕ್ಕುಗಳ ಶಾಸನ ಏಕಪಕ್ಷೀಯವಾದ ನಿಬಂಧನೆಗಳನ್ನು ಅನೂರ್ಜಿತಗೊಳಿಸುತ್ತದೆ. ಆದರೆ ಲಾಭದ ಉದ್ದೇಶವಿಲ್ಲದ ಸಂಘವು ಆ ಶಾಸನದ ಅರ್ಥದಲ್ಲಿ ವರ್ತಕನೇ ಎಂಬುದು ಸಂದೇಹಾಸ್ಪದ. 2020ರ ಮಾರ್ಚ್ 20ರಂದು ಸಾಂಕ್ರಾಮಿಕದ ದೆಸೆಯಿಂದ ಕೊಳಗಳನ್ನು ಮುಚ್ಚಲು ಆಜ್ಞೆಯಾದಾಗ ಪ್ರಶ್ನೆ ಒಮ್ಮೆಗೇ ತೀವ್ರವಾಯಿತು. ಸೇವೆ ದೊರೆಯದಿದ್ದಲ್ಲಿ ಸಾಮಾನ್ಯವಾಗಿ ಪೂರ್ಣ ಹಣ ಹಿಂದಿರುಗಬೇಕೆಂದು ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರ ಏಪ್ರಿಲ್ 30ರಂದು ಪ್ರಕಟಿಸಿತು. ಮುಂದಿನ ಬಾರಿಗೆ ಜಮಾ ಇಟ್ಟುಕೊಳ್ಳಲು ಕೇಳಬಹುದು, ಬಲವಂತ ಮಾಡಕೂಡದು ಎಂಬುದೂ ಅದರ ಅಭಿಪ್ರಾಯ. ವ್ಯಾಪಾರ ಸಂಸ್ಥೆಗಳಿಗೆ ಈ ಸೂತ್ರ ಯುಕ್ತವೇ. ಪದಕಗಳ ಹಣವನ್ನು ಆಗಲೇ ತೆತ್ತಿದ್ದ ಸಂಘಕ್ಕೆ ಅದು ಭಾರ.

ನಮ್ಮ ದೇಶದ ಕಾಲೇಜುಗಳೂ ಶುಲ್ಕ ತೆಗೆದುಕೊಂಡು ಪಂದ್ಯಗಳನ್ನು ನಡೆಸುವುದರಿಂದ ಇಲ್ಲಿಯ ಸ್ಥಿತಿಯನ್ನೂ ನೋಡಬೇಕಾಗಿದೆ. 1872ರ ಭಾರತೀಯ ಕರಾರು ಶಾಸನದ 56ನೆಯ ಸೆಕ್ಷನ್ನಿನ ಪ್ರಕಾರ, ನಡೆಸುವುದು ಅಸಾಧ್ಯವಾದ ಕರಾರು ಶೂನ್ಯವಾಗುತ್ತದೆ. ಆಗ ಲಾಭ ಪಡೆದವನು ಅದನ್ನು ಹಿಂದಿರುಗಿಸಬೇಕು ಅಥವಾ ಅದಕ್ಕೆ ಪರಿಹಾರ ಕೊಡಬೇಕು ಎಂದು 65ನೆಯ ಸೆಕ್ಷನ್ ವಿಧಿಸುತ್ತದೆ. ಅದುವರೆಗೆ ಆದ ಖರ್ಚನ್ನು ಮುರಿದುಕೊಳ್ಳುವ ಮಾತು, ಇಂಗ್ಲೆಂಡಿನ ಶಾಸನದಲ್ಲಿರುವಂತೆ, ಇದರಲ್ಲಿ ಇಲ್ಲ. ಮರುಪಾವತಿಯ ನಿಬಂಧನೆಯನ್ನು ಪ್ರಕಟಣೆಯಲ್ಲಿ ಬರೆಯದೆ ಹಣ ಪಡೆದ ವ್ಯಾಯಾಮ ಅಧ್ಯಾಪಕರು, ಮಳೆಯಿಂದ ಪಂದ್ಯ ನಿಂತ ದಿನ, ಮುದ್ರಣಾಲಯದ ಬಿಲ್ಲನ್ನು ತೋರಿಸಿ ವಾದಿಸುವುದು ಕಷ್ಟವಾದೀತು.