ವಿದ್ಯುತ್ ಮೋಟಾರ್ ಸೈಕಲು: ಕೊಳ್ಳುವ ಮೊದಲು ತಿಳಿಯತಕ್ಕ ಸಂಗತಿಗಳು



ಮಂಕಿಯ ಒಕ್ಕಲುತನದ ಮನೆಗೆ ದ್ವಿಚಕ್ರ ವಾಹನವು ಈಗ ಶೋಕಿಯ ವಸ್ತುವಲ್ಲ. ಹೊನ್ನಾವರದ ಪೇಟೆಗೆ ಹೋಗಲು, ಹಾಲು ಮುಟ್ಟಿಸಲು, ಗೊಬ್ಬರ ತರಲು ಅದು ಬೇಕೇ ಬೇಕು. ಪೆಟ್ರೋಲಿನ ಖರ್ಚಿಗೆ ಬೇಸತ್ತ ಹಲವರು ವಿದ್ಯುತ್ ಗಾಡಿಯ ಕುರಿತು ವಿಚಾರಿಸುತ್ತಿದ್ದಾರೆ. ಅವರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು: ಬೆಂಕಿ ಹತ್ತುವುದಿಲ್ಲವೇ? ನಮ್ಮ ಮಳೆಗೆ ತಾಳುವುದೇ? ಎರಡೂ ನ್ಯಾಯವಾದ ಪ್ರಶ್ನೆಗಳು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿ ಜೀವಹಾನಿಯೂ ಆಯಿತು. ಆದುದರಿಂದ ಗಾಡಿಯನ್ನು ಯಾರು, ಹೇಗೆ ಸುರಕ್ಷಿತಗೊಳಿಸುತ್ತಾರೆಂಬುದನ್ನು ಅರಿತೇ ಹಣ ಕೊಡುವುದು ಒಳ್ಳೆಯದು.

ಒಬ್ಬರಿಂದ ಆಗುವ ಕೆಲಸವಲ್ಲ

ಈ ಗಾಡಿಗಳಲ್ಲಿ ಹಲವನ್ನು ತಯಾರಿಸುವವರು ಹೊಸದಾಗಿ ಹುಟ್ಟಿದ ಸಣ್ಣ ಕಂಪನಿಗಳು. ಇವನ್ನು ನವೋದ್ಯಮಗಳೆನ್ನುತ್ತಾರೆ. ಹೊಸ ವಿಚಾರ ಇವರಲ್ಲಿದೆ. ಆದರೆ ಬ್ರೇಕು, ಕಾರಖಾನೆ, ಬಂಡವಾಳ ಎಲ್ಲವನ್ನೂ ಒಬ್ಬರೇ ಹೊಂದಿಸುವುದು ಕಷ್ಟ. ನಾಟಿಯ ಕಾಲದಲ್ಲಿ ನಾವು ಮುಯ್ಯಾಳು ಮಾಡಿಕೊಳ್ಳುವಂತೆ, ಇವರೂ ಅನುಭವಿಗಳ ಕೈ ಹಿಡಿಯುತ್ತಾರೆ.

ಬೆಂಗಳೂರಿನ ಏಥರ್ ಕಂಪನಿಯನ್ನು ನೋಡಿರಿ. 2013ರಲ್ಲಿ ಮದ್ರಾಸ್ ಐ.ಐ.ಟಿ.ಯಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಅದನ್ನು ಆರಂಭಿಸಿದರು. ಮೊದಲ ಆಸರೆ ಆ ವಿದ್ಯಾಸಂಸ್ಥೆಯದೇ. 2016ರಲ್ಲಿ ಹೀರೋ ಮೋಟೋಕಾರ್ಪ್ ಬಂಡವಾಳ ಹೂಡಿತು. 2018ರಲ್ಲಿ ಸ್ಕೂಟರು ಪೇಟೆಗೆ ಬಂತು. ಬೆಂಗಳೂರಿನದೇ ಆದ ಅಲ್ಟ್ರಾವಯಲೆಟ್ ಕಂಪನಿ 2016ರಲ್ಲಿ ಹುಟ್ಟಿತು, ಅದಕ್ಕೆ ಟಿ.ವಿ.ಎಸ್. ಮೋಟಾರ್ ಕಂಪನಿ ಬಂಡವಾಳ ಕೊಟ್ಟಿದೆ. 2022ರ ನವೆಂಬರಿನಲ್ಲಿ ಬಿಡುಗಡೆಯಾದ ಅದರ ಎಫ್77 ಮೋಟಾರ್ ಸೈಕಲಿನ ಬ್ಯಾಟರಿ ಬೆಂಗಳೂರಿನವರ ವಿನ್ಯಾಸ. ಜಾರದಂತೆ ತಡೆಯುವ ಬ್ರೇಕಿನ ಏರ್ಪಾಡು ಬಾಷ್ ಕಂಪನಿಯದು.

ಬ್ಯಾಟರಿಯ ಕಾವಲುಗಾರ

ಪಂಪುಸೆಟ್ಟಿನ ಸ್ಟಾರ್ಟರು ನಿಮಗೆ ಗೊತ್ತು. ಕರೆಂಟು ಹೆಚ್ಚಾಗಿ ಎಳೆದರೆ ಅದು ತಾನಾಗಿ ಬಿಟ್ಟುಕೊಂಡು ಮೋಟಾರು ಸುಡದಂತೆ ಕಾಯುತ್ತದೆ. ಗಾಡಿಯ ಬ್ಯಾಟರಿಯಲ್ಲಿಯೂ ಇಂಥ ಕಾವಲುಗಾರನಿದ್ದಾನೆ. ಬ್ಯಾಟರಿಯೆಂದರೆ ಒಂದೇ ಡಬ್ಬಿಯಲ್ಲ. ಅನೇಕ ಲಿಥಿಯಂ ಕೋಶಗಳ ಕಟ್ಟು. ಈ ಕಾವಲು ಯಂತ್ರವು ಕೋಶಗಳ ಒತ್ತಡವನ್ನೂ ಬಿಸಿಯನ್ನೂ ಅಳೆಯುತ್ತ, ಮಿತಿ ಮೀರಿದರೆ ವಿದ್ಯುತ್ತನ್ನು ಕಡಿಯುತ್ತದೆ. ಒಂದು ಕೋಶ ಕೆಟ್ಟು ಕಾದರೆ ಪಕ್ಕದ್ದಕ್ಕೆ ಬೆಂಕಿ ದಾಟಬಹುದು. ಕಾವಲು ದುರ್ಬಲವಿರುವಲ್ಲಿಯೇ ಅಪಾಯ.

2022ರ ದುರಂತಗಳ ನಂತರ ಕೇಂದ್ರ ಸರ್ಕಾರವು ತಜ್ಞರ ಸಮಿತಿ ನೇಮಿಸಿ, ಎ.ಐ.ಎಸ್. 156 ಎಂಬ ನಿಯಮವನ್ನು ಬಿಗಿಗೊಳಿಸಿತು. ಇದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯ, ಹೀಗೆ ಎರಡು ಹಂತಗಳಲ್ಲಿ ಜಾರಿಗೆ ಬಂತು. ಅದರಂತೆ ಬ್ಯಾಟರಿ ಅತಿಯಾಗಿ ಕಾದರೆ ಸವಾರನಿಗೆ ಎಚ್ಚರಿಕೆ ಸಿಗಬೇಕು. ಒಳಗಿನ ಅನಿಲ ಹೊರಹೋಗಲು ದಾರಿ ಇರಬೇಕು. ನೀರು ನುಗ್ಗದ ಕವಚವಿರಬೇಕು. ಈ ಕವಚದ ಗುರುತು ಐ.ಪಿ.67, ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂದು ಅದರ ಅರ್ಥ. ಹಾಗೆಂದು ಹಳ್ಳ ತುಂಬಿ ಹರಿಯುವಾಗ ಗಾಡಿ ಇಳಿಸಕೂಡದು.

ಮಳೆಗಾಲ ಮತ್ತು ಬ್ರೇಕು

ಆಷಾಢದ ಮಳೆಯಲ್ಲಿ ಡಾಂಬರು ರಸ್ತೆಯ ಮೇಲೆ ಕೆಂಪು ಮಣ್ಣಿನ ಕೆಸರು ಹರಡಿರುತ್ತದೆ. ಅಲ್ಲಿ ಬಲವಾಗಿ ಬ್ರೇಕು ಹಾಕಿದರೆ ಚಕ್ರ ನಿಂತರೂ ಗಾಡಿ ಜಾರುತ್ತದೆ. ಎ.ಬಿ.ಎಸ್. ಎಂಬ ಏರ್ಪಾಡು ಚಕ್ರದ ವೇಗವನ್ನು ಅಳೆದು, ಕ್ಷಣಕ್ಷಣಕ್ಕೂ ಬ್ರೇಕನ್ನು ಸಡಿಲಿಸಿ ಹಿಡಿದು, ಚಕ್ರ ಪೂರ್ತಿ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಇನ್ನೊಂದು ಉಪಯೋಗವೂ ಇದೆ. ಗೇರುಸೊಪ್ಪೆಯಲ್ಲಿ ಶರಾವತಿಯ ನೀರು ಯಂತ್ರ ತಿರುಗಿಸಿ ವಿದ್ಯುತ್ತು ಹುಟ್ಟಿಸುವಂತೆ, ವೇಗ ತಗ್ಗಿಸುವಾಗ ತಿರುಗುವ ಚಕ್ರವೇ ಮೋಟಾರನ್ನು ತಿರುಗಿಸಿ ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ.

ಕೊಳ್ಳುವಾಗ ಕೇಳತಕ್ಕವು

1. ಈ ಮಾದರಿ ಎ.ಐ.ಎಸ್. 156ರ ಎರಡೂ ಹಂತಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ? ಕಾಗದ ತೋರಿಸಲಿ. ನೋಂದಣಿ ಬೇಡವೆಂದು ಹೇಳಿ ಮಾರುವ ಗಾಡಿಯಾದರೆ ಇನ್ನೂ ಜಾಗ್ರತೆ.

2. ಬ್ಯಾಟರಿಗೆ ಎಷ್ಟು ವರ್ಷ, ಎಷ್ಟು ಕಿಲೋಮೀಟರು ಜವಾಬು? ಬರೆದು ಕೊಡಲಿ.

3. ದುರಸ್ತಿ ಎಲ್ಲಿ? ದೂರದ ಊರಿಗೆ ಲಾರಿಯಲ್ಲಿ ಒಯ್ಯಬೇಕಾದರೆ ಪೆಟ್ರೋಲಿನಲ್ಲಿ ಉಳಿದದ್ದು ಅಲ್ಲಿಗೇ ಹೋಗುತ್ತದೆ.

4. ಚಾರ್ಜು ಮಾಡುವ ಕೊಂಡಿ ಯಾವುದು? ಏಥರ್ ರೂಪಿಸಿದ ಕೊಂಡಿಯನ್ನು ಆಧರಿಸಿ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಲಘು ವಾಹನಗಳಿಗೆ ಒಂದು ಮಾನಕ ಗೊತ್ತುಪಡಿಸಿತು. ಪೈಪಿನ ಅಳತೆ ಒಂದೇ ಇದ್ದರೆ ಯಾವ ಅಂಗಡಿಯ ಜೋಡಣೆಯೂ ಕೂಡುವಂತೆ, ಕೊಂಡಿ ಒಂದೇ ಆದರೆ ಒಂದು ಕಂಪನಿಯ ಗಾಡಿಗೆ ಇನ್ನೊಂದರ ಚಾರ್ಜರು ಒದಗಬಹುದು. ಎಲ್ಲ ಕಂಪನಿಗಳೂ ಇದನ್ನು ಬಳಸುವುದಿಲ್ಲ.

ಮನೆಯಲ್ಲಿ ಪಾಲಿಸತಕ್ಕವು

ಗಾಡಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ, ಬ್ಯಾಟರಿ ತಣಿಯಲು ಬಿಡಿರಿ. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿರಿ. ಅರ್ಥಿಂಗ್ ಸರಿಯಾಗಿರುವ ಮೂರು ಪಿನ್ನಿನ ಸಾಕೆಟ್ಟು ಬೇಕು. ಪಂಪುಸೆಟ್ಟಿನ ತಂತಿಯಿಂದ ಎಳೆಯಕೂಡದು. ಹುಲ್ಲು, ಸೋಗೆ, ಒಣ ಮಡ್ಲು ತುಂಬಿದ ಕೊಟ್ಟಿಗೆಯಲ್ಲಿಯೂ, ಮಲಗುವ ಕೋಣೆಯಲ್ಲಿಯೂ, ಮನೆಯಿಂದ ಹೊರಬೀಳುವ ಬಾಗಿಲಿಗೆ ಅಡ್ಡವಾಗಿಯೂ ಚಾರ್ಜು ಮಾಡಬಾರದು. ಬ್ಯಾಟರಿ ಉಬ್ಬಿದರೆ, ಹೊಗೆ ಅಥವಾ ವಾಸನೆ ಬಂದರೆ, ಜನರನ್ನೂ ದನಗಳನ್ನೂ ದೂರ ಮಾಡಿ 112ಕ್ಕೆ ಕರೆ ಮಾಡಿರಿ. ಬ್ಯಾಟರಿಯನ್ನು ಬಿಚ್ಚಲು ಹೋಗಬೇಡಿರಿ.

ದೊಡ್ಡ ಕಂಪನಿಯ ಹೆಸರು ಜೊತೆಗಿದೆ ಎಂದ ಮಾತ್ರಕ್ಕೆ ಗಾಡಿ ಸುರಕ್ಷಿತವಾಗದು. ಹಲವು ಕೈಗಳು ಕೂಡಿ ಮಾಡಿದ ಕೆಲಸವು ಪರೀಕ್ಷೆಯಲ್ಲಿ ನಿಂತಿದೆಯೇ ಎಂಬುದೇ ಮುಖ್ಯ. ಬೀಜ ಕೊಳ್ಳುವಾಗ ಚೀಲದ ಚೀಟಿ ಓದುವ ರೈತನು ಗಾಡಿ ಕೊಳ್ಳುವಾಗಲೂ ಕಾಗದ ಓದಲಿ.