ಹಳೆಯ ಇಂಜಿನ್ನಿನ ನಾಡಿಪರೀಕ್ಷೆ

ರೋಗಿಯ ಮುಖವನ್ನೇ ನೋಡದೆ ಔಷಧದ ಚೀಟಿ ಬರೆಯುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಹಳೆಯ ಮೋಟಾರು ಗಾಡಿಯೊಂದು ಕೆಮ್ಮಿದೊಡನೆ, ಅದರ ಸದ್ದಿಗೆ ಕಿವಿಗೊಡದೆ ಹೊಸ ಬಿಡಿಭಾಗಗಳ ಪಟ್ಟಿ ಬರೆದುಕೊಡುವವರನ್ನು ನಾವು ಸಹಿಸಿಕೊಳ್ಳುತ್ತೇವೆ. ಗದಗ ತಾಲೂಕಿನ ಹಿರೇಹಂದಿಗೋಳದಂತಹ ಊರುಗಳಲ್ಲಿ ಇದು ಸಣ್ಣ ಮಾತಲ್ಲ. 1994ರಲ್ಲಿ ಬಂದ ಟಾಟಾ ಸುಮೋ, 2000ದಲ್ಲಿ ಬಂದ ಮಹೀಂದ್ರ ಬೊಲೆರೊ ಮೊದಲಾದ ಗಾಡಿಗಳು ಹಳ್ಳಿಗಳಲ್ಲಿ ಶೋಕಿಯ ವಸ್ತುಗಳಲ್ಲ. ಸಂತೆಗೆ, ಆಸ್ಪತ್ರೆಗೆ, ಮದುವೆಯ ದಿಬ್ಬಣಕ್ಕೆ ಒದಗುವ ಮನೆಯ ಆಳುಗಳು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ಪರೀಕ್ಷೆಯಲ್ಲಿ ಗೆದ್ದರಷ್ಟೇ ಐದು ವರ್ಷದ ಮರುಜೀವ. ಇಂತಹ ಗಾಡಿಯ ಒಂದು ಅಪಸ್ವರವನ್ನು ತಪ್ಪಾಗಿ ಅರ್ಥಮಾಡಿಕೊಂಡರೆ, ಮುಂಗಾರಿನ ಬೀಜಗೊಬ್ಬರಕ್ಕೆಂದು ಎತ್ತಿಟ್ಟ ಹಣ ಇಂಜಿನ್ನಿನ ಹೊಟ್ಟೆಗೆ ಹೋಗುತ್ತದೆ.

ಇವುಗಳಲ್ಲಿ ಅನೇಕ ಗಾಡಿಗಳಿಗೆ ‘ಟರ್ಬೊ’ ಎಂಬ ಅಂಗವೊಂದು ಇರುತ್ತದೆ. ಅದರ ಹುಟ್ಟಿನ ವರ್ಷ ನಮ್ಮ ಸೀಮೆಗೆ ಪರಿಚಿತವಾದುದು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ, ಇಂಜಿನ್ನು ಉಗುಳುವ ಹೊಗೆಯಿಂದಲೇ ಅದಕ್ಕೆ ಹೆಚ್ಚು ಗಾಳಿಯೂಡುವ ಉಪಾಯಕ್ಕೆ ಪೇಟೆಂಟ್ ಕೇಳಿದನು. ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ತತ್ತ್ವ ಮಾತ್ರ ಒಂದೇ. ಪೋಲಾಗುವುದನ್ನು ಕೂಡಿಸಿ ದುಡಿಮೆಗೆ ಹಚ್ಚುವುದು. ಹೊರಹೋಗುವ ಬಿಸಿಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಈ ಅಚ್ಚು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತಬಲ್ಲದು. ಅದನ್ನು ಹೊತ್ತಿರುವುದು ಎಣ್ಣೆಯ ತೆಳುವಾದ ಪೊರೆಯೊಂದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಇನ್ನು ಸದ್ದಿನ ಮಾತು. ಗದಗವು ಕಿವಿಯ ಮಹಿಮೆಯನ್ನು ಬಲ್ಲ ಊರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಕಿವಿಯಿಂದಲೇ ವಿದ್ಯೆಯನ್ನು ಧಾರೆಯೆರೆದರು. ಇಂಜಿನ್ನಿನ ಮುಂದೆ ನಿಂತವನಿಗೂ ಬೇಕಾದುದು ಅಂತಹ ಶ್ರವಣದ ಶಿಸ್ತೇ. ನಾಲ್ಕು ಸಿಲಿಂಡರುಗಳ ಇಂಜಿನ್ನು ಸಾಮಾನ್ಯವಾಗಿ 1-3-4-2 ಎಂಬ ಸರದಿಯಲ್ಲಿ ಉರಿಯುತ್ತದೆ. ಎರಡು ಸುತ್ತಿಗೆ ನಾಲ್ಕು ಪೆಟ್ಟು. ಒಂದು ಪೆಟ್ಟು ತಪ್ಪಿದರೆ ಕಾಲು ನೊಂದ ಎತ್ತಿನಂತೆ ಇಡೀ ಗಾಡಿ ಕುಂಟುತ್ತದೆ. ಇದನ್ನೇ ಮಿಸ್ತ್ರಿಗಳು ‘ಮಿಸ್ಸಿಂಗ್’ ಎನ್ನುವುದು.

ಯಾವ ಸಿಲಿಂಡರು ತಾಳ ತಪ್ಪುತ್ತಿದೆ? ಹಳೆಯ ಮಾದರಿಯ ಡೀಸೆಲ್ ಇಂಜಿನ್ನುಗಳಲ್ಲಿ ಇದಕ್ಕೊಂದು ಸರಳ ಪರೀಕ್ಷೆಯುಂಟು. ಇಂಜಿನ್ನು ಮಂದವಾಗಿ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿಗೆ ಹೋಗುವ ನಳಿಗೆಯ ನಟ್ಟನ್ನು ತುಸು ಸಡಿಲಿಸಿ, ಮತ್ತೆ ಬಿಗಿಯಬೇಕು. ಸಡಿಲಿಸಿದಾಗ ಸದ್ದು ಇನ್ನೂ ಕೆಟ್ಟರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಅದೇ ಮೈಗಳ್ಳ. ಆದರೆ ಚಿಮ್ಮುವ ಡೀಸೆಲ್ಲು ಚರ್ಮವನ್ನು ಭೇದಿಸಬಲ್ಲದು, ಕೈಯನ್ನು ದೂರವಿಡಬೇಕು. ‘ಕಾಮನ್ ರೈಲ್’ ಎಂಬ ಹೊಸ ಬಗೆಯ ಇಂಜಿನ್ನುಗಳಲ್ಲಿ ಒತ್ತಡ ವಿಪರೀತವಾದುದರಿಂದ ಅಲ್ಲಿ ಈ ಪರೀಕ್ಷೆಗೆ ಕೈಹಾಕಲೇಬಾರದು.

ನಟ್ಟು ಸಡಿಲಿಸಿದಾಗ ‘ಠಣ್ ಠಣ್’ ಎಂಬ ಬಡಿತವೂ ನಿಂತಿತೆನ್ನಿ. ಆಗ ಅನೇಕರು “ಬೇರಿಂಗು ಹೋಯಿತು, ಇಂಜಿನ್ನು ಇಳಿಸಬೇಕು” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಇಲ್ಲಿಯೇ ತಾಳ್ಮೆ ಬೇಕು. ಕೆಟ್ಟ ಇಂಜೆಕ್ಟರು ಕೂಡ ಇದೇ ಬಡಿತವನ್ನು ಹುಟ್ಟಿಸುತ್ತದೆ. ಆ ಇಂಜೆಕ್ಟರನ್ನು ಕಳಚಿ, ಹೊಸ ವಾಷರಿಟ್ಟು, ಪಕ್ಕದ ಸಿಲಿಂಡರಿಗೆ ಬದಲಿಸಿ ನೋಡಬೇಕು. ಬಡಿತವೂ ಜೊತೆಗೆ ಪಕ್ಕಕ್ಕೆ ಸರಿದರೆ ತಪ್ಪು ಇಂಜೆಕ್ಟರಿನದು. ಮೊದಲಿನ ಸ್ಥಳದಲ್ಲಿಯೇ ಉಳಿದರೆ ಪಿಸ್ಟನ್ನಿನದೋ ಬೇರಿಂಗಿನದೋ. ಇಂಜೆಕ್ಟರಿನ ದುರಸ್ತಿ ಎಲ್ಲಿ, ಇಡೀ ಇಂಜಿನ್ನನ್ನು ಬಿಚ್ಚುವ ಖರ್ಚು ಎಲ್ಲಿ! ಹಗುರವಾದ ‘ಟಿಕ್ ಟಿಕ್’ ಸದ್ದು ಮೇಲ್ಭಾಗದಿಂದ ಬರುತ್ತಿದ್ದರೆ ಅದು ಬಹುಮಟ್ಟಿಗೆ ವಾಲ್ವುಗಳ ಅಂತರ ಹೆಚ್ಚಿದುದರ ಗುರುತು. ಆದರೆ ಭಾರವಾದ ಬಡಿತದೊಡನೆ ಎಣ್ಣೆಯ ದೀಪವೂ ಹೊತ್ತಿದರೆ ವಿಚಾರ ಬೇಡ. ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು.

ಇಂಜೆಕ್ಟರಿಗಿಂತಲೂ ಅಗ್ಗದ ಕಾರಣಗಳಿವೆ. ಅವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಪೀಪಾಯಿಯಲ್ಲಿ ಕೂಡಿಟ್ಟ ಡೀಸೆಲ್ಲಿನಲ್ಲಿ ನೀರು ಸೇರಿರಬಹುದು. ಫಿಲ್ಟರಿನ ತಳದ ತಿರುಪನ್ನು ಬಿಚ್ಚಿ ಅದನ್ನು ಹರಿಯಬಿಡಬೇಕು. ಇಂಧನದ ನಳಿಗೆಯಲ್ಲಿ ಗಾಳಿ ಹೊಕ್ಕಿದ್ದರೆ ಕೈಪಂಪಿನಿಂದ ಅದನ್ನು ಹೊರಡಿಸಬೇಕು. ಹೊಗೆಯ ಬಣ್ಣವೂ ಒಂದು ಭಾಷೆಯೇ. ಇಂಜಿನ್ನು ಬಿಸಿಯಾದ ಮೇಲೂ ಕಣ್ಣುರಿಸುವ ಬಿಳಿಹೊಗೆ ಬಂದರೆ ಡೀಸೆಲ್ಲು ಉರಿಯದೆ ಹೋಗುತ್ತಿದೆ. ನೀಲಿಹೊಗೆಯಾದರೆ ಎಣ್ಣೆ ಉರಿಯುತ್ತಿದೆ. ಕರಿಹೊಗೆಯಾದರೆ ಇಂಧನಕ್ಕೆ ತಕ್ಕ ಗಾಳಿಯಿಲ್ಲ.

ಗಾಳಿಯ ಕೊರತೆಗೆ ನಮ್ಮ ಎರೆಮಣ್ಣಿನ ಧೂಳು ದೊಡ್ಡ ಕಾರಣ. ಬೇಸಿಗೆಯಲ್ಲಿ ನುಸುಳುವ ಆ ನುಣ್ಣನೆಯ ಹುಡಿ ಫಿಲ್ಟರನ್ನು ಕಟ್ಟುತ್ತದೆ; ಫಿಲ್ಟರಿನ ಮುಂದಿನ ಕೊಳವೆ ಬಿರಿದಿದ್ದರಂತೂ ಟರ್ಬೊದ ಅಲಗುಗಳನ್ನೂ ಸಿಲಿಂಡರಿನ ಗೋಡೆಗಳನ್ನೂ ಸವೆಸುತ್ತದೆ. ಏರು ಹತ್ತುವಾಗ ‘ಸುಯ್’ ಎಂಬ ಸಿಳ್ಳೆ, ಶಕ್ತಿ ಕುಂದು, ಕರಿಹೊಗೆ ಈ ಮೂರೂ ಕೂಡಿ ಬಂದರೆ ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆಯನ್ನೂ ಅದರ ಪಟ್ಟಿಗಳನ್ನೂ ಪರೀಕ್ಷಿಸಬೇಕು. ಬಳಿಕವೇ ಟರ್ಬೊದ ಸರದಿ. ಇಂಜಿನ್ನು ನಿಂತು ತಣ್ಣಗಾದ ಮೇಲೆ ಅದರ ಅಚ್ಚನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಪಕ್ಕಕ್ಕೆ ತುಸು ಆಡುವುದು ಸಹಜ. ಒಳಹೊರಗೆ ಜಗ್ಗಿದರೆ, ಅಲಗು ಗೋಡೆಗೆ ತಾಗಿದರೆ ಅದರ ಆಯುಷ್ಯ ಮುಗಿಯಿತು. ಎಣ್ಣೆಯ ದಾರಿ ಕಟ್ಟಿದ್ದುದರಿಂದ ಹಳೆಯದು ಸತ್ತಿದ್ದರೆ, ಆ ದಾರಿಯನ್ನು ತೊಳೆಯದೆ ಕೂಡಿಸಿದ ಹೊಸದೂ ಅದೇ ಗತಿಯನ್ನು ಕಾಣುತ್ತದೆ.

ಸವೆದ ಟರ್ಬೊವನ್ನು ಉಪೇಕ್ಷಿಸುವುದೂ ಅಪಾಯವೇ. ಅದರಿಂದ ಸೋರಿದ ಎಣ್ಣೆಯನ್ನೇ ಕುಡಿದು ಡೀಸೆಲ್ ಇಂಜಿನ್ನು, ಕೀಲಿ ತೆಗೆದರೂ ನಿಲ್ಲದೆ, ಹುಚ್ಚುಹಿಡಿದಂತೆ ಓಡಬಹುದು. ಆಗ ಗಾಳಿಯ ಬಾಯನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚಬೇಕೇ ಹೊರತು ಕೈಯಿಂದಲ್ಲ.

ಪೆಟ್ರೋಲಿನ ಟರ್ಬೊ ಗಾಡಿಗಳ ರೀತಿ ತುಸು ಬೇರೆ. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಪ್ಲಗ್ಗಿನ ಅಂತರ ಹಿಗ್ಗಿದ್ದರೆ, ಕಾಯಿಲು ಸೋತಿದ್ದರೆ, ಸಮನೆಲದಲ್ಲಿ ಸುಮ್ಮನಿದ್ದ ಇಂಜಿನ್ನು ಏರಿನಲ್ಲಿ ಮಾತ್ರ ಮುಗ್ಗರಿಸುತ್ತದೆ.

ದೂರ ಓಡಿ ಬಂದ ಗಾಡಿಯನ್ನು ಒಮ್ಮೆಲೇ ಆರಿಸದೆ, ಒಂದೆರಡು ನಿಮಿಷ ಮಂದವಾಗಿ ಓಡಿಸಿ ಟರ್ಬೊವನ್ನು ತಣಿಸುವುದಕ್ಕೆ ಕಾಸಿನ ಖರ್ಚಿಲ್ಲ. ಹೊಲದಿಂದ ಮರಳಿದ ಎತ್ತಿನ ಕೊರಳನ್ನು ಬಿಚ್ಚಿ, ಬೆವರಾರಿದ ಮೇಲೆ ನೀರು ತೋರಿಸುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗ್ಗದ ಕಾರಣದಿಂದ ದುಬಾರಿಯ ಕಾರಣದ ಕಡೆಗೆ, ಒಂದು ಸಲಕ್ಕೆ ಒಂದೇ ಭಾಗವನ್ನು ಮುಟ್ಟುತ್ತ, ಪ್ರತಿ ಹೆಜ್ಜೆಗೂ ಮತ್ತೆ ಆಲಿಸುತ್ತ ಸಾಗಬೇಕು. ಯಂತ್ರಕ್ಕೆ ಸುಳ್ಳು ಹೇಳುವುದು ತಿಳಿಯದು. ತನ್ನ ನೋವನ್ನು ಅದು ಇದ್ದಲ್ಲಿಂದಲೇ ಕೂಗಿ ಹೇಳುತ್ತದೆ. ಕೇಳುವ ವ್ಯವಧಾನವೊಂದು ನಮ್ಮಲ್ಲಿರಬೇಕು.