ಯೋಹಾನ್ ಆಂಡರ್ಸನ್ (ವಿಡಿಯೋ ಆಟ ವಿನ್ಯಾಸಕ)

ಯೋಹಾನ್ ಆಂಡರ್ಸನ್ ಸ್ವೀಡನ್ ದೇಶದ ವಿಡಿಯೋ ಆಟಗಳ ವಿನ್ಯಾಸಕ ಹಾಗೂ ಪ್ರೋಗ್ರಾಮರ್. ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಸಂಸ್ಥೆಯ 'ಯುರೋಪಾ ಯೂನಿವರ್ಸಾಲಿಸ್' ಸರಣಿಯಿಂದ ಅವರು ಪ್ರಸಿದ್ಧರಾಗಿದ್ದಾರೆ. ಇತಿಹಾಸವನ್ನು ಆಧರಿಸಿದ 'ಗ್ರ್ಯಾಂಡ್ ಸ್ಟ್ರಾಟಜಿ' ಪ್ರಕಾರದ ಆಟಗಳು ಇಂದಿನ ರೂಪವನ್ನು ಪಡೆಯುವಲ್ಲಿ ಅವರ ಪಾತ್ರ ದೊಡ್ಡದು. ಈ ಬಗೆಯ ಆಟಗಳಲ್ಲಿ ಆಟಗಾರನು ಒಂದು ಇಡೀ ರಾಜ್ಯವನ್ನು ಶತಮಾನಗಳ ಕಾಲ ನಡೆಸುತ್ತಾನೆ. ಯುದ್ಧದಷ್ಟೇ ತೆರಿಗೆ, ವಿವಾಹಸಂಬಂಧ, ಮತಧರ್ಮ ಮತ್ತು ವ್ಯಾಪಾರಗಳಿಗೂ ಇಲ್ಲಿ ಮಹತ್ವವಿದೆ.

ಆರಂಭಿಕ ಕೃತಿಗಳು

2000ರಲ್ಲಿ ಬಿಡುಗಡೆಯಾದ ಮೊದಲ 'ಯುರೋಪಾ ಯೂನಿವರ್ಸಾಲಿಸ್', ಫ್ರಾನ್ಸಿನ ಫಿಲಿಪ್ ತಿಬೊ ರಚಿಸಿದ್ದ ಅದೇ ಹೆಸರಿನ ಮೇಜಿನ ಆಟವನ್ನು ಆಧರಿಸಿತ್ತು. ಮೇಜಿನ ಮೇಲೆ ಆಟಗಾರರೇ ಮಾಡಬೇಕಾಗಿದ್ದ ಬೃಹತ್ ಲೆಕ್ಕಾಚಾರವನ್ನು ಕಂಪ್ಯೂಟರ್ ವಹಿಸಿಕೊಂಡಿತು. ಸರದಿಯ ಪದ್ಧತಿಯ ಬದಲು ಕಾಲವು ನಿರಂತರವಾಗಿ ಸಾಗುತ್ತಿತ್ತು. ಆಟಗಾರನು ಬೇಕೆಂದಾಗ ಅದನ್ನು ನಿಲ್ಲಿಸಿ ಆಜ್ಞೆಗಳನ್ನು ನೀಡಬಹುದಿತ್ತು. ಇದೇ ಮುಂದೆ ಸಂಸ್ಥೆಯ ಆಟಗಳ ಗುರುತಾಯಿತು. 'ಹಾರ್ಟ್ಸ್ ಆಫ್ ಐರನ್' (2002) ಮತ್ತು 'ವಿಕ್ಟೋರಿಯಾ' (2003) ಆಟಗಳ ನಿರ್ಮಾಣದಲ್ಲಿಯೂ ಆಂಡರ್ಸನ್ ಪಾಲ್ಗೊಂಡರು.

ಯುರೋಪಾ ಯೂನಿವರ್ಸಾಲಿಸ್ 4

2013ರಲ್ಲಿ ಬಂದ ನಾಲ್ಕನೆಯ ಭಾಗವು 1444ರ ನವೆಂಬರ್ 11ರಂದು ಆರಂಭವಾಗಿ 1821ರವರೆಗೆ ಸಾಗುತ್ತದೆ. ಯುರೋಪಿನ ಹೆಸರನ್ನು ಹೊತ್ತಿದ್ದರೂ ಆಟದ ಭೂಪಟ ಇಡೀ ಜಗತ್ತಿನದು. ವಿಜಯನಗರ ಮತ್ತು ಬಹಮನಿ ರಾಜ್ಯಗಳನ್ನೂ ಆಯ್ದುಕೊಂಡು ಆಡಬಹುದು.

ಪ್ರತಿ ಅರಸನಿಗೂ ಆಡಳಿತ, ರಾಜತಾಂತ್ರಿಕತೆ ಮತ್ತು ಸೈನ್ಯ ಎಂಬ ಮೂರು ವಿಭಾಗಗಳಲ್ಲಿ 0ಯಿಂದ 6ರವರೆಗಿನ ಸಾಮರ್ಥ್ಯಾಂಕಗಳಿವೆ. ಇವುಗಳಿಂದ ತಿಂಗಳು ತಿಂಗಳೂ ದೊರೆಯುವ ಅಂಕಗಳನ್ನು ವ್ಯಯಿಸಿಯೇ ತಂತ್ರಜ್ಞಾನವನ್ನು ಬೆಳೆಸಬೇಕು, ಗೆದ್ದ ನಾಡನ್ನು ರಾಜ್ಯದಲ್ಲಿ ನೆಲೆಗೊಳಿಸಬೇಕು. ಸಮರ್ಥ ಅರಸ ತೀರಿಕೊಂಡು ಮಂದಬುದ್ಧಿಯ ಉತ್ತರಾಧಿಕಾರಿ ಪಟ್ಟವೇರಿದರೆ ಇಡೀ ಯೋಜನೆ ಕುಂಟುತ್ತದೆ. ಅರಸೊತ್ತಿಗೆಯ ಅನಿಶ್ಚಿತತೆಯನ್ನು ಇಷ್ಟು ಸರಳವಾಗಿ ಆಟಕ್ಕಿಳಿಸಿದ್ದು ಈ ವ್ಯವಸ್ಥೆಯ ಹೆಚ್ಚುಗಾರಿಕೆ. ಆದರೆ ಗುಂಡಿ ಒತ್ತಿದೊಡನೆ ಫಲ ನೀಡುವ ಇಂತಹ ಅಂಕಗಳು ಇತಿಹಾಸದ ನಿಧಾನಗತಿಗೆ ಹೊಂದುವುದಿಲ್ಲ ಎಂಬ ಆಕ್ಷೇಪವೂ ಇತ್ತು. ಆಟಗಾರರು ಅದನ್ನು ವ್ಯಂಗ್ಯವಾಗಿ 'ಮಾನಾ', ಅಂದರೆ ಮಾಂತ್ರಿಕ ಶಕ್ತಿ, ಎಂದು ಕರೆದರು.

ಹಿನ್ನಡೆ

ಆಂಡರ್ಸನ್ ನಿರ್ದೇಶಿಸಿದ 'ಇಂಪರೇಟರ್: ರೋಮ್' 2019ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ಈ ಆಕ್ಷೇಪ ತೀವ್ರಗೊಂಡಿತು. ಅದೇ ವರ್ಷದ ಪರಿಷ್ಕರಣೆಯಲ್ಲಿ ಆ ಅಂಕಗಳನ್ನು ಕೈಬಿಡಲಾಯಿತಾದರೂ ಆಟ ಚೇತರಿಸಿಕೊಳ್ಳಲಿಲ್ಲ; 2021ರಲ್ಲಿ ಅದರ ಅಭಿವೃದ್ಧಿ ಸ್ಥಗಿತಗೊಂಡಿತು. ಈ ನಡುವೆ 2020ರಲ್ಲಿ ಸ್ಪೇನಿನ ಬಾರ್ಸಿಲೋನಾ ಸಮೀಪದ ಸಿಟ್ಜೆಸ್‌ನಲ್ಲಿ ಆಂಡರ್ಸನ್ ನೇತೃತ್ವದ 'ಪ್ಯಾರಡಾಕ್ಸ್ ಟಿಂಟೊ' ಸ್ಟುಡಿಯೋ ಆರಂಭವಾಗಿತ್ತು. ಅದು 2021ರ ಏಪ್ರಿಲ್‌ನಲ್ಲಿ ಹೊರತಂದ 'ಲೆವಯಾಥನ್' ಎಂಬ ವಿಸ್ತರಣೆ ದೋಷಗಳಿಂದ ತುಂಬಿದ್ದು, ಬಳಕೆದಾರರ ಅತ್ಯಂತ ಕಟುವಾದ ವಿಮರ್ಶೆಗೆ ಗುರಿಯಾಯಿತು. ಆಂಡರ್ಸನ್ ಬಹಿರಂಗವಾಗಿ ಕ್ಷಮೆ ಕೋರಿದರು.

ಐದನೆಯ ಭಾಗ

ಮುಂದಿನ ಆಟದ ಹೆಸರನ್ನು ಪ್ರಕಟಿಸುವ ಮೊದಲೇ, 2024ರಿಂದ 'ಟಿಂಟೊ ಟಾಕ್ಸ್' ಎಂಬ ವಾರದ ಬರಹಗಳ ಮೂಲಕ ಅದರ ವಿನ್ಯಾಸವನ್ನು ಆಟಗಾರರ ಮುಂದಿಟ್ಟು ಸಲಹೆಗಳನ್ನು ಪಡೆಯಲಾಯಿತು. 'ಯುರೋಪಾ ಯೂನಿವರ್ಸಾಲಿಸ್ 5' 2025ರ ನವೆಂಬರ್ 4ರಂದು ಬಿಡುಗಡೆಯಾಯಿತು. ಇದರ ಆರಂಭ 1337ರಲ್ಲಿ. ಅಂದರೆ ವಿಜಯನಗರದ ಸ್ಥಾಪನೆಗೆ ಸಾಂಪ್ರದಾಯಿಕವಾಗಿ ಹೇಳಲಾಗುವ 1336ರ ಮರುವರ್ಷ. ಅರಸನ ಅಂಕಗಳ ಸ್ಥಾನದಲ್ಲಿ ಇಲ್ಲಿ ಜನಸಂಖ್ಯೆಯೇ ರಾಜ್ಯದ ಬಲಕ್ಕೆ ಆಧಾರ. ರಾಜಧಾನಿಯಿಂದ ದೂರ ಸರಿದಂತೆಲ್ಲ ಪ್ರಾಂತ್ಯಗಳ ಮೇಲಿನ ಹಿಡಿತ ಸಡಿಲವಾಗುತ್ತದೆ.